ಎಪ್ಪತ್ತೆರಡು, ಎಪ್ಪತ್ತಮೂರು: ಎಂದೂ ನಡೆಯದ ಒಂದು ಸರಣಿ

(ಕ್ರೀಡಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕರ್ಣ ದೊಡ್ಡವನೋ ಅರ್ಜುನ ದೊಡ್ಡವನೋ ಎಂದು ರಾತ್ರಿಯಿಡೀ ವಾದಿಸಬಲ್ಲ ಜನ ನಾವು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತಿನಲ್ಲೇ ಯುದ್ಧ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪ್ರಿಯರೂ 2016ರಿಂದ ಇಂಥದೊಂದು ತಾಳಮದ್ದಳೆಯನ್ನು ನಡೆಸುತ್ತಲೇ ಬಂದಿದ್ದಾರೆ. ಪ್ರಸಂಗ ಇಷ್ಟೆ: 1995-96ರ ಶಿಕಾಗೊ ಬುಲ್ಸ್ ತಂಡವೂ 2015-16ರ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡವೂ ಏಳು ಪಂದ್ಯಗಳ ಸರಣಿಯಲ್ಲಿ ಎದುರುಬದುರಾದರೆ ಗೆಲ್ಲುವವರು ಯಾರು? ಇದನ್ನು ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಉತ್ತರ ಹುಡುಕುತ್ತ ಹೊರಟರೆ, ಒಬ್ಬ ಆಟಗಾರನ ಹಿರಿಮೆಯಲ್ಲಿ ಅವನ ಪಾಲೆಷ್ಟು, ಅವನ ಕಾಲದ ನಿಯಮಪುಸ್ತಕದ ಪಾಲೆಷ್ಟು ಎಂಬ ಕಷ್ಟದ ಜಾಗಕ್ಕೆ ಬಂದು ನಿಲ್ಲುತ್ತೇವೆ.

ಈ ಆಟವನ್ನು ಅಷ್ಟಾಗಿ ಹಿಂಬಾಲಿಸದವರಿಗಾಗಿ ಒಂದೆರಡು ಲೆಕ್ಕ ಹೇಳುತ್ತೇನೆ. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಪ್ರತಿ ತಂಡವೂ ಒಂದು ಋತುವಿನಲ್ಲಿ 82 ಪಂದ್ಯ ಆಡುತ್ತದೆ. ಐವತ್ತು ಗೆದ್ದರೆ ಒಳ್ಳೆಯ ತಂಡ, ಅರವತ್ತು ಗೆದ್ದರೆ ಪ್ರಶಸ್ತಿಗೆ ಹಕ್ಕುದಾರ. 1971-72ರಲ್ಲಿ ಲಾಸ್ ಏಂಜಲಿಸ್ ಲೇಕರ್ಸ್ 69 ಗೆದ್ದಿತು. ಆ ದಾಖಲೆ 24 ವರ್ಷ ಅಲುಗಲಿಲ್ಲ. ಅದನ್ನು ಮುರಿದದ್ದು ಬುಲ್ಸ್: 72 ಗೆಲುವು, 10 ಸೋಲು. ಸರಿಯಾಗಿ ಇಪ್ಪತ್ತು ವರ್ಷಗಳ ಮೇಲೆ ವಾರಿಯರ್ಸ್ 73 ಗೆದ್ದು 9ರಲ್ಲಿ ಸೋತಿತು. ತವರಿನ ಅಂಕಣದಲ್ಲಿ ಮಾತ್ರ ಎರಡೂ ತಂಡಗಳ ಲೆಕ್ಕ ಒಂದೇ. 41 ಪಂದ್ಯಗಳಲ್ಲಿ 39 ಗೆಲುವು, 2 ಸೋಲು. ಈ ಮೂವತ್ತೊಂಬತ್ತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಂದು ವ್ಯತ್ಯಾಸವನ್ನು ಮೊದಲೇ ಹೇಳಿಬಿಡಬೇಕು. 72 ಗೆದ್ದವರು ಆ ವರ್ಷದ ಚಾಂಪಿಯನ್ನರಾದರು. 73 ಗೆದ್ದವರು ಆಗಲಿಲ್ಲ. ಅಂತಿಮ ಸರಣಿಯಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ 3-1ರಿಂದ ಮುಂದಿದ್ದ ವಾರಿಯರ್ಸ್, ಉಳಿದ ಮೂರೂ ಪಂದ್ಯಗಳನ್ನು ಸೋತರು. ಅಂತಿಮ ಸರಣಿಯಲ್ಲಿ ಅಂಥ ಮುನ್ನಡೆಯನ್ನು ಅದಕ್ಕೆ ಮೊದಲು ಯಾವ ತಂಡವೂ ಕೈಚೆಲ್ಲಿರಲಿಲ್ಲ. ಬುಲ್ಸ್ ಅಭಿಮಾನಿಗಳ ವಾದ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ನಮ್ಮದು ಇಲ್ಲಿಂದ ಶುರುವಾಗಲಿ.

ಎರಡು ತಂಡಗಳ ಜನರನ್ನು ಸ್ವಲ್ಪ ನೋಡೋಣ. ಬುಲ್ಸ್ ಎಂದರೆ ಮೈಕೆಲ್ ಜೋರ್ಡಾನ್. 1993ರ ಜುಲೈಯಲ್ಲಿ ಅವರ ತಂದೆಯ ಕೊಲೆಯಾಯಿತು. ಅಕ್ಟೋಬರಿನಲ್ಲಿ ಅವರು ಆಟ ಬಿಟ್ಟರು. ಒಂದು ವರ್ಷ ಬೇಸ್‌ಬಾಲ್ ಆಡಿ, 1995ರ ಮಾರ್ಚಿಯಲ್ಲಿ ಮರಳಿದರು. ಆ ವರ್ಷ ಒರ್‍ಲ್ಯಾಂಡೊ ತಂಡ ಬುಲ್ಸನ್ನು ಮನೆಗೆ ಕಳಿಸಿತು. ಜೋರ್ಡಾನರ ಕಾಲ ಮುಗಿಯಿತು ಎಂದು ಜನ ಆಡಿಕೊಂಡರು. ಮುಂದಿನ ಋತುವಿನ 72 ಗೆಲುವುಗಳ ಹಿಂದೆ ಇದ್ದದ್ದು ಆ ಮಾತಿನ ಕಿಚ್ಚು. ಪಕ್ಕದಲ್ಲಿ ಸ್ಕಾಟಿ ಪಿಪ್ಪೆನ್, ಉದ್ದ ತೋಳಿನ ರಕ್ಷಕ. ರಿಂಗಿಗೆ ಬಡಿದು ಚಿಮ್ಮುವ ಚೆಂಡನ್ನು ಹಿಡಿಯಲೆಂದೇ ಹುಟ್ಟಿದಂತಿದ್ದ ಡೆನಿಸ್ ರಾಡ್ಮನ್. ಪಂದ್ಯಕ್ಕೆ ಸರಾಸರಿ 14.9 ರೀಬೌಂಡ್. ಇದೇ ರಾಡ್ಮನ್ ಆ ಋತುವಿನಲ್ಲಿ ರೆಫರಿಗೆ ತಲೆಯಿಂದ ಗುದ್ದಿ ಆರು ಪಂದ್ಯಗಳ ನಿಷೇಧಕ್ಕೂ ಗುರಿಯಾದರು. ಕ್ರೊಯೇಷಿಯಾದ ಟೋನಿ ಕುಕೊಚ್, ಆಸ್ಟ್ರೇಲಿಯಾದ ಲ್ಯೂಕ್ ಲಾಂಗ್ಲಿ. ಇವರನ್ನೆಲ್ಲ ಹಿಡಿದು ಕೂರಿಸಲು ಫಿಲ್ ಜಾಕ್ಸನ್ ಎಂಬ ಸಮಾಧಾನಿ ಕೋಚ್.

ವಾರಿಯರ್ಸ್ ಎಂದರೆ ಸ್ಟೆಫೆನ್ ಕರಿ. ಆ ಋತುವಿನಲ್ಲಿ ಅವರು ಗಳಿಸಿದ ಮೂರಂಕದ ಬುಟ್ಟಿಗಳು 402. ಅದಕ್ಕೆ ಹಿಂದಿನ ದಾಖಲೆ 286. ಅದೂ ಅವರದೇ, ಹಿಂದಿನ ವರ್ಷದ್ದು. ಕ್ರಿಕೆಟ್ಟಿನಲ್ಲಿ ಒಬ್ಬ ಬ್ಯಾಟ್ಸ್‌ಮನ್ ತನ್ನದೇ ದಾಖಲೆಯನ್ನು ಮರುವರ್ಷವೇ ಶೇಕಡ ನಲವತ್ತರಷ್ಟು ಹಿಗ್ಗಿಸಿದ್ದನ್ನು ಊಹಿಸಿಕೊಳ್ಳಿ. ಜತೆಗೆ ಕ್ಲೇ ಥಾಂಪ್ಸನ್, ಇನ್ನೊಬ್ಬ ಗುರಿಕಾರ. ಡ್ರೇಮಂಡ್ ಗ್ರೀನ್, ಎತ್ತರದಲ್ಲೂ ಮುಂಗೋಪದಲ್ಲೂ ರಾಡ್ಮನ್ನರಿಗೆ ಸರಿಸಾಟಿ. ಆಂಡ್ರೆ ಇಗ್ವಡಾಲ. ಇಲ್ಲಿಯೂ ಒಬ್ಬ ಆಸ್ಟ್ರೇಲಿಯಾದ ಎತ್ತರದಾಳು, ಆಂಡ್ರೂ ಬೋಗಟ್.

ಈ ಎರಡು ತಂಡಗಳ ನಡುವೆ ಒಬ್ಬ ಮನುಷ್ಯ ನಿಂತಿದ್ದಾರೆ. ಅವರಿಲ್ಲದಿದ್ದರೆ ಈ ಹೋಲಿಕೆಗೆ ಅರ್ಧ ಸ್ವಾರಸ್ಯವೂ ಇರುತ್ತಿರಲಿಲ್ಲ. ಹೆಸರು ಸ್ಟೀವ್ ಕರ್. 72 ಗೆದ್ದ ಬುಲ್ಸ್ ತಂಡದಲ್ಲಿ ಅವರು ಬದಲಿ ಆಟಗಾರ. ಮೂರಂಕದ ಎಸೆತಗಳಲ್ಲಿ ಶೇಕಡ 51.5ರಷ್ಟನ್ನು ಬುಟ್ಟಿಗೆ ಸೇರಿಸಿದ್ದರು. 73 ಗೆದ್ದ ವಾರಿಯರ್ಸ್ ತಂಡಕ್ಕೆ ಅವರೇ ಕೋಚ್. ಬೆನ್ನುನೋವಿನಿಂದ ಮೊದಲ 43 ಪಂದ್ಯಗಳಿಗೆ ಅವರು ಬರಲಾಗಲಿಲ್ಲ, ಸಹಾಯಕ ಲ್ಯೂಕ್ ವಾಲ್ಟನ್ ತಂಡ ನಡೆಸಿದರು ಎಂಬುದು ನಿಜ. ಆದರೂ ಎರಡು ದಾಖಲೆಗಳಲ್ಲೂ ಹೆಸರಿರುವವರು ಅವರು. 1995ರ ಅಭ್ಯಾಸ ಶಿಬಿರದಲ್ಲಿ ಜೋರ್ಡಾನ್ ಇವರ ಮುಖಕ್ಕೆ ಗುದ್ದಿದ್ದರು. ಆರಡಿ ಮೂರಂಗುಲದ ಕರ್ ಹೆದರದೆ ಎದುರು ನಿಂತರು, ಅಲ್ಲಿಂದಾಚೆ ಜೋರ್ಡಾನರ ವಿಶ್ವಾಸ ಗಳಿಸಿದರು. ಕರ್ ಅವರ ತಂದೆ ಮಾಲ್ಕಮ್ ಕರ್, ಬೈರೂತಿನ ಅಮೆರಿಕನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದವರು, 1984ರ ಜನವರಿಯಲ್ಲಿ ಗುಂಡೇಟಿಗೆ ಬಲಿಯಾಗಿದ್ದರು. ತಂದೆಯನ್ನು ಕೊಲೆಗಾರರಿಗೆ ಕಳೆದುಕೊಂಡ ಇಬ್ಬರು ಒಂದೇ ತಂಡದಲ್ಲಿ ಆಡುತ್ತಿದ್ದರು.

ತಂದೆಯರ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಸ್ಟೆಫೆನ್ ಕರಿಯ ತಂದೆ ಡೆಲ್ ಕರಿ, 1996ರಲ್ಲಿ ಷಾರ್ಲೆಟ್ ಹಾರ್ನೆಟ್ಸ್ ತಂಡದ ಆಟಗಾರ. ಬುಲ್ಸ್ ತವರಿನಲ್ಲಿ ಸತತ 44 ಪಂದ್ಯ ಗೆದ್ದು ಬೀಗುತ್ತಿದ್ದಾಗ, ಆ ವರ್ಷದ ಏಪ್ರಿಲ್ 8ರಂದು ಶಿಕಾಗೊಕ್ಕೇ ಹೋಗಿ 98-97ರಿಂದ ಆ ಸರಪಳಿಯನ್ನು ಕಡಿದದ್ದು ಹಾರ್ನೆಟ್ಸ್. ಮಗನಿಗೆ ಆಗ ಎಂಟು ವರ್ಷ. ಇಪ್ಪತ್ತು ವರ್ಷಗಳ ನಂತರ ಮಗನ ತಂಡ ತವರಿನ ಸತತ ಗೆಲುವನ್ನು 54ಕ್ಕೆ ಏರಿಸಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಪಂದ್ಯವನ್ನು ಯಾರ ನಿಯಮದಲ್ಲಿ ಆಡಿಸುವುದು?

ಈ ಆಟದ ನಿಯಮ ಎಂದೂ ಕಲ್ಲಿನಲ್ಲಿ ಕೆತ್ತಿದ್ದಾಗಿರಲಿಲ್ಲ. 1891ರಲ್ಲಿ ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿ ತೂಗುಹಾಕಿ ಆಟ ಕಟ್ಟಿದಾಗ, ಚೆಂಡು ಪುಟಿಸಿಕೊಂಡು ಓಡುವ ಮಾತೇ ಇರಲಿಲ್ಲ. 1950ರ ನವೆಂಬರಿನಲ್ಲಿ ಫೋರ್ಟ್ ವೇನ್ ತಂಡ ಚೆಂಡನ್ನು ಕೈಯಲ್ಲಿಟ್ಟುಕೊಂಡು ಕಾಲ ತಳ್ಳಿ ಮಿನಿಯಾಪೊಲಿಸ್ ಲೇಕರ್ಸನ್ನು 19-18ರಿಂದ ಸೋಲಿಸಿತು. ಇಂಥ ಆಟ ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? 1954ರಲ್ಲಿ 24 ಸೆಕೆಂಡಿನೊಳಗೆ ಬುಟ್ಟಿಯತ್ತ ಎಸೆಯಲೇಬೇಕೆಂಬ ನಿಯಮ ಬಂತು. ಜಾರ್ಜ್ ಮೈಕನ್ ಎಂಬ ದೈತ್ಯನನ್ನು ತಡೆಯಲಾರದೆ 1951ರಲ್ಲಿ ರಿಂಗಿನ ಕೆಳಗಿನ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿದರು. ವಿಲ್ಟ್ ಚೇಂಬರ್ಲೇನ್ ಬಂದ ಮೇಲೆ 1964ರಲ್ಲಿ ಅದು 16 ಅಡಿಯಾಯಿತು. ಮೂರಂಕದ ಗೆರೆ ಎನ್‌ಬಿಎಗೆ ಬಂದದ್ದು 1979-80ರಲ್ಲಿ.

ನಮ್ಮ ಎರಡು ತಂಡಗಳ ನಡುವೆ ಬದಲಾದವು ಮುಖ್ಯವಾಗಿ ಮೂರು ಸಂಗತಿ. ಮೊದಲನೆಯದು, ಎದುರಾಳಿಯ ಸೊಂಟಕ್ಕೆ ಕೈಯಿಟ್ಟು ಅವನ ದಾರಿ ತಿರುಗಿಸುವ ಕಲೆ. ಇದಕ್ಕೆ ಕಡಿವಾಣ ಹಾಕುವ ನಿಯಮ 1994-95ರಲ್ಲೇ ಬಂದಿತ್ತಾದರೂ ಅಂಕಣದಲ್ಲಿ ಕೈಯ, ಮುಂಗೈಯ ಕೆಲಸ ನಡೆದೇ ಇತ್ತು. ನಿಜವಾಗಿ ಬಿಗಿಯಾದದ್ದು 2004-05ರಿಂದ. ಎರಡನೆಯದು, 2001ರವರೆಗೆ ಝೋನ್ ರಕ್ಷಣೆ ಅಕ್ರಮ. ರಕ್ಷಕ ತನ್ನ ಪಾಲಿನ ಎದುರಾಳಿಯ ಬಳಿ ಇರಬೇಕು, ಇಲ್ಲವೆ ಚೆಂಡು ಹಿಡಿದವನ ಮೇಲೆ ನೇರವಾಗಿ ಹೋಗಬೇಕು. ನಡುವೆ ಸುಮ್ಮನೆ ಕಾವಲು ನಿಲ್ಲುವ ಹಾಗಿಲ್ಲ. 2001-02ರಿಂದ ಆ ಕಟ್ಟು ಸಡಿಲವಾಯಿತು. ಮೂರನೆಯದು ಗೆರೆ. ಇಲ್ಲಿ ಬುಲ್ಸ್ ಅಭಿಮಾನಿಗಳು ಮರೆಯುವ ಒಂದು ತಮಾಷೆಯಿದೆ. 1994-95ರಿಂದ ಮೂರು ಋತುಗಳ ಕಾಲ ಲೀಗ್ ಮೂರಂಕದ ಗೆರೆಯನ್ನು ಸುತ್ತಲೂ 22 ಅಡಿಗೆ ಹತ್ತಿರ ತಂದಿತ್ತು. ಆಮೇಲೆ ಅದು ಮತ್ತೆ ಎದುರಿನಲ್ಲಿ 23 ಅಡಿ 9 ಅಂಗುಲಕ್ಕೆ ಹೋಯಿತು. “ನಮ್ಮ ಕಾಲದ ನಿಯಮದಲ್ಲಿ ಆಡಲಿ ನೋಡೋಣ” ಎಂದು ಕರಿಗೆ ಸವಾಲು ಹಾಕುವವರು, ಅವರಿಗೆ ಸುಮಾರು ಎರಡಡಿಯ ಉಡುಗೊರೆಯನ್ನೂ ಕೊಡುತ್ತಿದ್ದಾರೆ.

ಬುಲ್ಸ್ ಪಂದ್ಯಕ್ಕೆ ಸುಮಾರು 16 ಬಾರಿ ಮೂರಂಕದ ಎಸೆತಕ್ಕೆ ಪ್ರಯತ್ನಿಸುತ್ತಿತ್ತು, ವಾರಿಯರ್ಸ್ 31 ಬಾರಿಗೂ ಹೆಚ್ಚು. ಇದನ್ನು ನೋಡಿ “ಹಳಬರಿಗೆ ದೂರದಿಂದ ಎಸೆಯಲು ಬರುತ್ತಿರಲಿಲ್ಲ” ಎನ್ನುವ ಎಳೆಯರಿದ್ದಾರೆ. ಬುಲ್ಸ್ ಆ ಋತುವಿನಲ್ಲಿ ಶೇಕಡ 40.3ರಷ್ಟನ್ನು ಬುಟ್ಟಿಗೆ ಸೇರಿಸಿತ್ತು. ವಾರಿಯರ್ಸ್ ಶೇಕಡ 41.6. ಗೆರೆ ಹತ್ತಿರವಿತ್ತು, ಒಪ್ಪೋಣ. ಆದರೆ ಕೈಗೆ ಗುರಿಯಿರಲಿಲ್ಲ ಎನ್ನಲಾಗದು. ಇಲ್ಲದಿದ್ದದ್ದು ಅಷ್ಟು ಬಾರಿ ಎಸೆಯಬಹುದೆಂಬ ಯೋಚನೆ. 1995-96ರಲ್ಲಿ ಇಡೀ ಲೀಗಿನ ಸರಾಸರಿಯೇ 16. ಕರಿಯ ತಂಡ 2016ರಲ್ಲಿ 31 ಬಾರಿ ಎಸೆದದ್ದನ್ನು ಹುಚ್ಚಾಟವೆಂದು ಕರೆದವರಿದ್ದರು; ಮೂರೇ ವರ್ಷಗಳಲ್ಲಿ, 2018-19ರ ಹೊತ್ತಿಗೆ, ಇಡೀ ಲೀಗಿನ ಸರಾಸರಿ 32ಕ್ಕೆ ಬಂತು. ದಾರಿ ತೋರಿದವನ ದಾರಿ ಎಷ್ಟು ಬೇಗ ಎಲ್ಲರ ರಸ್ತೆಯಾಗುತ್ತದೆ ನೋಡಿ. ಮುಂದೊಂದು ದಿನ 2016ರ ವಾರಿಯರ್ಸನ್ನೂ “ಅಷ್ಟೇನಾ ಎಸೆಯುತ್ತಿದ್ದದ್ದು?” ಎಂದು ಕೇಳುವ ಹುಡುಗರು ಹುಟ್ಟಿಕೊಳ್ಳುತ್ತಾರೆ.

ಕ್ರಿಕೆಟ್ ಬಲ್ಲ ನಮಗೆ ಈ ಜಗಳ ಹೊಸದಲ್ಲ. 1975ರಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ಇನ್ನಿಂಗ್ಸಿನಲ್ಲಿ, ತಂಡ 190ಕ್ಕೆ ಉದುರಿದಾಗ, ಹೆಲ್ಮೆಟ್ ಇಲ್ಲದೆ ಅಜೇಯ 97 ಹೊಡೆದ ವಿಶ್ವನಾಥರನ್ನೂ, ಹೆಲ್ಮೆಟ್ ಧರಿಸಿ ದಿನಗಟ್ಟಲೆ ಕ್ರೀಸಿನಲ್ಲಿ ಬೇರೂರಿದ ದ್ರಾವಿಡರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಹೋಗಿ ಜಗಳವಾಡಿದ ಮನೆಗಳು ನಮ್ಮಲ್ಲೂ ಇವೆ. ಅಪ್ಪನಿಗೆ ತನ್ನ ಯೌವನದ ನಾಯಕ ಬೇಕು, ಮಗನಿಗೆ ತನ್ನ ಕಣ್ಣಮುಂದಿನವನು. ಮಗ ಹಳೆಯ ಟೇಪು ನೋಡಿ “ಎಷ್ಟು ನಿಧಾನ!” ಎಂದಾಗ ಅಪ್ಪನಿಗೆ ಚುಚ್ಚುವುದು ಆಟದ ವಿಷಯವಷ್ಟೇ ಆಗಿರುವುದಿಲ್ಲ.

ಹಾಗಾದರೆ ನ್ಯಾಯವಾಗಿ ಪಂದ್ಯ ಆಡಿಸುವುದು ಹೇಗೆ? ನನ್ನದೊಂದು ಸಲಹೆಯಿದೆ. ಪ್ರತಿ ಪಂದ್ಯವನ್ನೂ ತವರು ತಂಡದ ಕಾಲದ ನಿಯಮದಲ್ಲಿ ಆಡಿಸಿ. ಶಿಕಾಗೊದಲ್ಲಿ 1996ರ ನಿಯಮ, 1996ರ ಗೆರೆ. ವಾರಿಯರ್ಸ್ ಆಗ ಆಡುತ್ತಿದ್ದ ಓಕ್ಲೆಂಡಿನಲ್ಲಿ 2016ರ ನಿಯಮ. ಎರಡೂ ತಂಡಗಳಿಗೆ ಇನ್ನೊಬ್ಬರ ನಿಯಮ ಕಲಿಯಲು ಒಂದು ತಿಂಗಳ ಅವಕಾಶ. ಹೆಚ್ಚು ಪಂದ್ಯ ಗೆದ್ದವರಿಗೆ ಏಳನೆಯ ಪಂದ್ಯ ತವರಿನಲ್ಲಿ ಎಂಬುದು ಲೀಗಿನ ಪದ್ಧತಿ. ಹೀಗಾಗಿ ಒಂದೇ ಒಂದು ಗೆಲುವಿನ ಅಂತರದಿಂದ, ಆ ಎಪ್ಪತ್ತಮೂರನೆಯ ಗೆಲುವಿನಿಂದ, ಏಳನೆಯ ಪಂದ್ಯ ಓಕ್ಲೆಂಡಿಗೆ ಸೇರುತ್ತದೆ. 2016ರ ವಸಂತದಲ್ಲಿ ವಾರಿಯರ್ಸ್ ದಾಖಲೆಯ ಬೆನ್ನು ಹತ್ತಿದಾಗ, ಆಟಗಾರರಿಗೆ ವಿಶ್ರಾಂತಿ ಕೊಡಬಾರದೆ ಎಂದು ಎಷ್ಟೋ ಜನ ಕೇಳಿದರು. ಕೊನೆಯ ದಿನ, ಏಪ್ರಿಲ್ 13ರಂದು, ಮೆಂಫಿಸ್ ವಿರುದ್ಧ ಕರಿ 46 ಅಂಕ ಹೊಡೆದು 73ನೆಯದನ್ನು ತಂದರು. ಹನ್ನೊಂದು ದಿನಗಳ ಮೇಲೆ ಹ್ಯೂಸ್ಟನ್ನಿನಲ್ಲಿ ಜಾರಿಬಿದ್ದು ಮಂಡಿ ಉಳುಕಿಸಿಕೊಂಡರು. ಆ ಗೆಲುವಿನಿಂದ ನಿಜವಾದ ಲೀಗಿನಲ್ಲಿ ದಾಖಲೆ ಬಿಟ್ಟು ಬೇರೇನೂ ಸಿಗಲಿಲ್ಲ; ನಮ್ಮ ಕಾಲ್ಪನಿಕ ಸರಣಿಯಲ್ಲಿ ಅದರ ಬೆಲೆ ಬಹಳ.

ಶಿಕಾಗೊದ ಪಂದ್ಯಗಳನ್ನು ಮೊದಲು ನೋಡೋಣ. ಅಲ್ಲಿ ವಾರಿಯರ್ಸಿನ ತೊಂದರೆ ರಕ್ಷಣೆಯಲ್ಲಿ. ತನ್ನ ಪಾಲಿನವನನ್ನು ಬಿಟ್ಟು ರಿಂಗಿನ ಬಳಿ ನಿಂತು ಎಲ್ಲರ ತಪ್ಪನ್ನೂ ಮುಚ್ಚುವುದು ಗ್ರೀನರ ವಿದ್ಯೆ. 1996ರ ರೆಫರಿ ಮೊದಲ ಸಲ ಎಚ್ಚರಿಸುತ್ತಾನೆ, ಎರಡನೆಯ ಸಲ ಟೆಕ್ನಿಕಲ್ ಫೌಲ್ ಕೊಡುತ್ತಾನೆ. ಆಗ ಜೋರ್ಡಾನ್ ರಿಂಗಿಗೆ ಬೆನ್ನು ಹಾಕಿ ಚೆಂಡು ಹಿಡಿದು ನಿಂತರೆ ಥಾಂಪ್ಸನ್ ಒಬ್ಬರೇ ಎದುರಿಸಬೇಕು. ಥಾಂಪ್ಸನ್ ಒಳ್ಳೆಯ ರಕ್ಷಕ. ಆದರೂ ಆ ವರ್ಷ ಪಂದ್ಯಕ್ಕೆ 30.4 ಅಂಕ ಹೊಡೆದವರನ್ನು ಒಬ್ಬರೇ ತಡೆಯುವುದೆಂದರೆ ಕಷ್ಟದ ಮಾತು. ಇತ್ತ ಕರಿಯ ಸೊಂಟಕ್ಕೆ ಪಿಪ್ಪೆನ್ನರ ಕೈ. 1991ರ ಅಂತಿಮ ಸರಣಿಯಲ್ಲಿ ಮ್ಯಾಜಿಕ್ ಜಾನ್ಸನ್ನರನ್ನು ಅಂಕಣದುದ್ದಕ್ಕೂ ಕಾಡಿದ ಕೈ ಅದು. ಹತ್ತಿರದ ಗೆರೆಯಿಂದ ಕರಿ, ಥಾಂಪ್ಸನ್ ಒಂದು ಪಂದ್ಯ ಕಿತ್ತುಕೊಳ್ಳಬಹುದು, ಅದಕ್ಕಿಂತ ಹೆಚ್ಚಿಲ್ಲ.

ಓಕ್ಲೆಂಡಿನಲ್ಲಿ ಚಿತ್ರ ಬೇರೆ. ಕರಿ 30 ಅಡಿ ದೂರದಿಂದಲೇ ಎಸೆಯಬಲ್ಲರಾದ್ದರಿಂದ ಏಳಡಿ ಎರಡಂಗುಲದ ಲಾಂಗ್ಲಿ ರಿಂಗ್ ಬಿಟ್ಟು ಹೊರಗೆ ಬರಬೇಕಾಗುತ್ತದೆ. ಅಲ್ಲಿ ಅವರು ನೀರಿನಿಂದ ಹೊರಬಂದ ಮೀನು. ರಾನ್ ಹಾರ್ಪರ್, ರಾಡ್ಮನ್ ಇಬ್ಬರೂ ದೂರದಿಂದ ಹೊಡೆಯಲಾರರೆಂದು ತಿಳಿದ ವಾರಿಯರ್ಸ್ ಅವರನ್ನು ಹಾಗೇ ಬಿಟ್ಟು ಜೋರ್ಡಾನರ ಸುತ್ತ ಗೋಡೆ ಕಟ್ಟುತ್ತಾರೆ. ಮೊದಲೆರಡು ಪಂದ್ಯ ವಾರಿಯರ್ಸಿಗೆ ಸುಲಭ ಎಂದೇ ನನ್ನ ಎಣಿಕೆ.

ಆದರೆ ಜಾಕ್ಸನ್ ಸುಮ್ಮನೆ ಕೂರುವವರಲ್ಲ. ಲಾಂಗ್ಲಿಯನ್ನು ಕೂರಿಸಿ, ಹಾರ್ಪರ್, ಜೋರ್ಡಾನ್, ಪಿಪ್ಪೆನ್, ಕುಕೊಚ್, ರಾಡ್ಮನ್ ಐವರನ್ನು ಒಟ್ಟಿಗೆ ಇಳಿಸುವ ಪದ್ಧತಿ ಬುಲ್ಸಿಗೆ 1996ರಲ್ಲೇ ಇತ್ತು. ಒಬ್ಬರ ಎದುರಾಳಿಯನ್ನು ಇನ್ನೊಬ್ಬರು ಹಿಡಿಯಬಲ್ಲ ಐವರು. 2016ರಲ್ಲಿ ವಾರಿಯರ್ಸಿನ ದೊಡ್ಡ ಅಸ್ತ್ರ ಎಂದು ಹೊಗಳಿಸಿಕೊಂಡದ್ದೂ ಇಂಥದೇ ಐವರ ಜೋಡಣೆ. ಹೊಸದೆಂದು ನಾವು ಬೆರಗಾದದ್ದರ ಬೀಜ ಹಳೆಯ ತಂಡದಲ್ಲೇ ಇತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಕರ್ ಅದನ್ನು ನೋಡುತ್ತಿದ್ದರು ಎನ್ನುವುದನ್ನು ಮರೆಯಬಾರದು.

ಇನ್ನು ಏಳನೆಯ ಪಂದ್ಯ. ತವರಿನಲ್ಲಿ 41ಕ್ಕೆ 39 ಗೆದ್ದವರು ಅಲ್ಲಿ ಸೋಲುವುದುಂಟೆ? ಉಂಟು. 2016ರ ಜೂನ್ 19ರಂದು ಅದೇ ಓಕ್ಲೆಂಡಿನಲ್ಲಿ, ಸ್ಕೋರು 89-89 ಇದ್ದಾಗ, ವಾರಿಯರ್ಸ್ ಕೊನೆಯ ನಾಲ್ಕೂವರೆ ನಿಮಿಷಕ್ಕೂ ಹೆಚ್ಚು ಕಾಲ ಒಂದು ಅಂಕವನ್ನೂ ಗಳಿಸಲಿಲ್ಲ. ಒಂಬತ್ತು ಎಸೆತ ಸತತವಾಗಿ ತಪ್ಪಿದವು. ಲೆಬ್ರಾನ್ ಜೇಮ್ಸ್ ಅಂಕಣದುದ್ದ ಓಡಿಬಂದು ಇಗ್ವಡಾಲರ ಎಸೆತವನ್ನು ಬೋರ್ಡಿಗೆ ಬಡಿದರು, ಕೈರಿ ಅರ್ವಿಂಗ್ ಕರಿಯ ಮುಖದೆದುರೇ ಮೂರಂಕ ಹೊಡೆದರು. 93-89. ಅದಕ್ಕೆ ಮೂರು ವಾರ ಮೊದಲು ಇದೇ ತಂಡದ ಥಾಂಪ್ಸನ್ ಒಕ್ಲಹೋಮ ವಿರುದ್ಧ ಒಂದೇ ಪಂದ್ಯದಲ್ಲಿ 11 ಮೂರಂಕದ ಬುಟ್ಟಿ ಹಾಕಿ ಸೋಲುವ ಸರಣಿಯನ್ನು ಉಳಿಸಿದ್ದರು. ದೂರದ ಎಸೆತ ಅಂಥದ್ದು. 82 ಪಂದ್ಯಗಳ ಸರಾಸರಿಯಲ್ಲಿ ಅದು ನಂಬಿಕಸ್ಥ ಬಂಟ. ಒಂದು ರಾತ್ರಿಯ ಮಟ್ಟಿಗೆ ಮಳೆಯ ಹಾಗೆ, ಬಂದರೆ ಬಂತು.

ಬುಲ್ಸಿನ ಬಂಡವಾಳ ಬೇರೆ. ರಾಡ್ಮನ್ ಪಂದ್ಯಕ್ಕೆ ಐದಕ್ಕೂ ಹೆಚ್ಚು ಬಾರಿ ತನ್ನವರೇ ತಪ್ಪಿಸಿದ ಚೆಂಡನ್ನು ಹಿಡಿದು ತಂಡಕ್ಕೆ ಮತ್ತೊಂದು ಅವಕಾಶ ಕೊಡುತ್ತಿದ್ದರು. ಅದು ಕೂಲಿಯವನ ಕೆಲಸ, ಕೈ ಕೊಡುವುದು ಕಡಿಮೆ. ನಿಯಮ ಬದಲಾದರೂ ಉದ್ದ ತೋಳು ಮೊಟಕಾಗುವುದಿಲ್ಲ. ಕ್ಲೀವ್‌ಲ್ಯಾಂಡ್ 2016ರಲ್ಲಿ ಗೆದ್ದದ್ದೂ ಆಟದ ವೇಗ ತಗ್ಗಿಸಿ, ಮೈಗೆ ಮೈ ಒಡ್ಡಿ, ರಕ್ಷಣೆಯಲ್ಲಿ ಕರಿಯನ್ನು ಹುಡುಕಿ ಹುಡುಕಿ ದಣಿಸಿ. ಬುಲ್ಸ್ ಅದನ್ನೇ ಮಾಡುತ್ತಿತ್ತು, ಇನ್ನೂ ಚೆನ್ನಾಗಿ.

ನನ್ನ ಅನುಮಾನ ಇರುವುದು ವಯಸ್ಸಿನ ಬಗ್ಗೆ. ಜೋರ್ಡಾನರಿಗೆ ಆಗ 33, ಹಾರ್ಪರಿಗೆ 32, ರಾಡ್ಮನ್ನರಿಗೆ 35. ಎದುರಿನ ಕರಿಗೆ 28, ಥಾಂಪ್ಸನ್ ಮತ್ತು ಗ್ರೀನರಿಗೆ 26. ಬುಲ್ಸ್ ಪಂದ್ಯಕ್ಕೆ ಸುಮಾರು 91 ಸರದಿ ಆಡುತ್ತಿದ್ದ ತಂಡ, ವಾರಿಯರ್ಸ್ 99. ಆ ವೇಗಕ್ಕೆ ಎಳೆದರೆ ಹಿರಿಯರ ಕಾಲು ಏಳನೆಯ ಪಂದ್ಯದವರೆಗೆ ತಡೆದೀತೆ? ಇನ್ನೊಂದು, ಸಿಟ್ಟು. ಗ್ರೀನ್ 2016ರ ಅಂತಿಮ ಸರಣಿಯ ಐದನೆಯ ಪಂದ್ಯದಿಂದ ನಿಷೇಧಕ್ಕೊಳಗಾದದ್ದೇ ಸರಣಿ ತಿರುಗಲು ಕಾರಣ ಎನ್ನುವವರಿದ್ದಾರೆ. ರಾಡ್ಮನ್ ಮತ್ತು ಗ್ರೀನ್ ಎರಡು ವಾರ ಒಂದೇ ರಿಂಗಿನ ಕೆಳಗೆ ನೂಕಾಡಿಯೂ ಇಬ್ಬರಿಗೂ ಏನೂ ಆಗದೆ ಸರಣಿ ಮುಗಿಯುತ್ತದೆಂದು ನಾನಂತೂ ಪಣ ಕಟ್ಟಲಾರೆ.

ಹಳಬರು ಬಂದಿದ್ದರೆ ಇಂದಿನವರನ್ನು ಸೋಲಿಸುತ್ತಿದ್ದರು ಎಂಬ ಮಾತು 2017ರಲ್ಲಿ ಮತ್ತೆ ಎದ್ದಾಗ ಕರ್ ನಗುತ್ತಲೇ ಚುಚ್ಚಿದ್ದರು. ಹೌದು, ಹಳಬರೆಲ್ಲ ನಮ್ಮನ್ನು ಸೋಲಿಸುತ್ತಿದ್ದರು, ಆಟದಲ್ಲಿ ಮಾತ್ರ ಮನುಷ್ಯನ ವಿಕಾಸ ಹಿಂದುಹಿಂದಕ್ಕೆ ಹೋಗುತ್ತದೆ ಎಂಬರ್ಥದಲ್ಲಿ. ಆ ಹಳಬರಲ್ಲಿ ತಾವೂ ಒಬ್ಬರು ಎಂಬುದು ಅವರಿಗೆ ಗೊತ್ತಿತ್ತು.

ನನ್ನ ತೀರ್ಮಾನ ಕೇಳಿದರೆ, ಏಳನೆಯ ಪಂದ್ಯ ಬುಲ್ಸಿಗೆ, ನಾಲ್ಕು ಅಂಕದಿಂದ. ಕೊನೆಯ ನಿಮಿಷದಲ್ಲಿ ಇಬ್ಬರು ಜೋರ್ಡಾನರ ಮೇಲೆ ಬೀಳುತ್ತಾರೆ, ಚೆಂಡು ಆಚೆ ಬದಿಯಲ್ಲಿ ಒಂಟಿಯಾಗಿ ನಿಂತ ಆಟಗಾರ ಕರ್ ಅವರ ಕೈಗೆ ಬರುತ್ತದೆ. 1997ರ ಅಂತಿಮ ಸರಣಿಯ ಆರನೆಯ ಪಂದ್ಯದಲ್ಲಿ ಯೂಟಾ ವಿರುದ್ಧ ಸರಿಯಾಗಿ ಹೀಗೇ ಆಗಿತ್ತು; ಅವರು ತಪ್ಪಿಸಲಿಲ್ಲ. ಈ ಸಲ ಎದುರಿನ ಬೆಂಚಿನಿಂದ “ಅವನನ್ನು ಬಿಡಬೇಡಿ” ಎಂದು ಕೂಗುವ ಕೋಚ್ ಕೂಡ ಅವರೇ.

ವಾರಿಯರ್ಸ್ ಪಕ್ಷದವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಆಗಲೇ ಇಬ್ಬರು ಕೈ ಎತ್ತಿಯೂ ಆಯಿತು. ಕೇಳಿ.